ಐದು ಕಿಲೋ ಅಕ್ಕಿ, ನೂರಾ ಎಪ್ಪತ್ತು ರೂಪಾಯಿ

2023ರ ಜುಲೈಯಿಂದ 2025ರ ಆರಂಭದವರೆಗೆ ಕರ್ನಾಟಕದ ಬಡ ಕುಟುಂಬಗಳಿಗೆ ಆಹಾರದ ನೆರವು ಎರಡು ರೂಪದಲ್ಲಿ ಬಂತು. ಕೇಂದ್ರದ ಪಾಲಿನ ತಲಾ ಐದು ಕಿಲೋ ಧಾನ್ಯ ನ್ಯಾಯಬೆಲೆ ಅಂಗಡಿಯಲ್ಲಿ ಸಿಕ್ಕಿತು. ರಾಜ್ಯದ ಅನ್ನಭಾಗ್ಯ ಯೋಜನೆಯ ಹೆಚ್ಚುವರಿ ಐದು ಕಿಲೋಗೆ ಬೇಕಾದ ದಾಸ್ತಾನು ಹೊಂದಿಸಲಾಗದ್ದರಿಂದ, ಕಿಲೋಗೆ 34ರಂತೆ ತಲಾ 170 ರೂಪಾಯಿ ಮನೆಯ ಮುಖ್ಯಸ್ಥರ ಖಾತೆಗೆ ಜಮೆಯಾಯಿತು. ಆ ಹಣ ಎಣ್ಣೆಯೂ ಆಗಬಹುದಿತ್ತು, ಸಂತೆಯ ಕಾಯಿಪಲ್ಯೆಯೂ ಆಗಬಹುದಿತ್ತು. ಅಕ್ಕಿ ಮಾತ್ರ ಅಕ್ಕಿಯೇ.

ಹೀಗೆ ವಸ್ತುವಾಗಿ ಬಂದ ನೆರವು ಖರ್ಚನ್ನು ಕಟ್ಟಿಹಾಕುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಆ ಕಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಐದು ಜನರ ಮನೆಗೆ 25 ಕಿಲೋ ಅಕ್ಕಿ ಬರುತ್ತದೆಂದು ಲೆಕ್ಕ ಹಿಡಿದರೆ, ತಿಂಗಳಿಗೆ 40 ಕಿಲೋ ಉಣ್ಣುವ ಮನೆಯವರು ಉಳಿದ 15 ಕಿಲೋವನ್ನು ಹೇಗೂ ಕೊಳ್ಳುತ್ತಾರೆ. 25 ಕಿಲೋದ ದುಡ್ಡು ಕೈಯಲ್ಲೇ ಉಳಿದು ಬೇರೆ ಖರ್ಚಿಗೆ ಹೋಗುತ್ತದೆ. ಅಂಥ ಮನೆಗೆ ಅಕ್ಕಿ ಬಂದರೂ ನಗದು ಬಂದರೂ ಒಂದೇ. 15 ಕಿಲೋ ಮಾತ್ರ ಬಳಸುವ ಮನೆಯಲ್ಲಿ 10 ಕಿಲೋ ಮಿಗುತ್ತದೆ. ಹೆಚ್ಚುವರಿ ಐದು ಕಿಲೋವೂ ಅಕ್ಕಿಯಾಗಿಯೇ ಬಂದರೆ ಮೊದಲ ಮನೆಯಲ್ಲೂ 10 ಕಿಲೋ ಉಳಿಯುತ್ತದೆ, ಎರಡನೆಯದರಲ್ಲಿ ಉಳಿಕೆ 35 ಕಿಲೋಗೆ ಏರುತ್ತದೆ.

ಕೊಪ್ಪಳ ಜಿಲ್ಲೆಯೊಂದರಲ್ಲೇ ಈ ಎರಡೂ ಬಗೆಯ ಮನೆಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಸೀಮೆ, ಅನ್ನ ಉಣ್ಣುವ ಊರು. ಅಲ್ಲಿಯೂ ಸೋನಾ ಮಸೂರಿ ರೂಢಿಯಾದ ಬಾಯಿಗೆ ರೇಷನ್ ಅಕ್ಕಿ ಹಿಡಿಸದೆ ಅದು ದೋಸೆ ಹಿಟ್ಟಿಗೆ ಸೇರುವುದುಂಟು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಊಟವೆಂದರೆ ಮೊದಲು ಜೋಳದ ಇಲ್ಲವೇ ಸಜ್ಜೆಯ ರೊಟ್ಟಿ, ಆಮೇಲೆ ಒಂದಿಷ್ಟು ಅನ್ನ. ಮಿಕ್ಕ ಅಕ್ಕಿಯನ್ನು ಮಾರುವುದು ಅಪರಾಧ. ಆದರೂ ಮನೆ ಬಾಗಿಲಿಗೆ ಬರುವ ವ್ಯಾಪಾರಿ ಅದನ್ನು ಪೇಟೆ ಬೆಲೆಗಿಂತ ಕಡಿಮೆಗೆ ಕೊಳ್ಳುತ್ತಾನೆ. ಆ ವ್ಯತ್ಯಾಸವೇ ಕಟ್ಟುಪಾಡಿನ ನಿಜವಾದ ಬೆಲೆ, ಮತ್ತು ಅದನ್ನು ತೆರುವುದು ಬಡವರ ಮನೆಯೇ.

ಹಾಗೆಂದು ಧಾನ್ಯದ ಬದಲು ಎಲ್ಲವನ್ನೂ ಹಣವಾಗಿಸಿದರೆ ಸರಿಹೋಗುತ್ತದೆ ಎನ್ನುವಂತಿಲ್ಲ. ಹಣದ ಜೊತೆ ಪೋಷಕಾಂಶ ಕಳಿಸಲಾಗದು, ಅಕ್ಕಿಯ ಜೊತೆ ಕಳಿಸಬಹುದು. ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಕೊಟ್ಟದ್ದು ಅದಕ್ಕೇ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಕಲಸಿ, ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ ತೆಗೆದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ರಕ್ತಹೀನತೆ ತಗ್ಗಿಸುವುದು ಉದ್ದೇಶ. ಆದರೆ ಮೊರದಲ್ಲಿ ಹಸನು ಮಾಡುವಾಗ ಬಣ್ಣದಲ್ಲಿ ತುಸು ಬೇರೆಯಾಗಿ ಕಾಣುವ ಈ ಕಾಳನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಆರಿಸಿ ಎಸೆಯುವುದೂ ಇದೆ. ಸರ್ಕಾರ ಕಷ್ಟಪಟ್ಟು ಸೇರಿಸಿದ್ದು ತಿಪ್ಪೆ ಸೇರುತ್ತದೆ.

ಮನೆಗೆ ಒಯ್ದ ಆಹಾರ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ ಎಂಬ ಕಾರಣಕ್ಕೆ, 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದು ಗೊತ್ತುಮಾಡಿತು. ಕಟ್ಟು ಬಿಗಿಯಾಯಿತು, ಜೊತೆಗೆ ಬಿಸಿಲಲ್ಲಿ ನಡೆದು ಬರುವ ಶ್ರಮವೂ ಸೇರಿತು.

2025ರಲ್ಲಿ ಹಣ ಹೋಗಿ ಮತ್ತೆ ಅಕ್ಕಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ, ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ಬೇಳೆ, ಎಣ್ಣೆಗಳನ್ನು ಗಂಗಾವತಿಯವರೂ ಕೊಳ್ಳುತ್ತಾರೆ, ಯಲಬುರ್ಗಾದವರೂ ಕೊಳ್ಳುತ್ತಾರೆ. ಕೊಡುವ ಪ್ರಮಾಣ ಆ ಖರೀದಿಯನ್ನು ಮೀರದಿದ್ದರೆ, ಮಾರಲು ಉಳಿಯುವುದೇನೂ ಇರುವುದಿಲ್ಲ.