ಮುಚ್ಚಳ ಎತ್ತುವ ಕಬ್ಬಿಣ

ನಿಪ್ಪಾಣಿಯಿಂದ ಕೊಲ್ಹಾಪುರದ ಹೆದ್ದಾರಿ ಹಿಡಿದು ಗಡಿ ದಾಟಿದರೆ ಕಾಗಲ. ಇಲ್ಲಿನ ಪಂಚತಾರಾ ಎಂಐಡಿಸಿ, ಮುಂದಿನ ಗೋಕುಳ ಶಿರಗಾವ, ಶಿರೋಳಿ, ಎಲ್ಲ ಕಡೆ ಫೌಂಡ್ರಿಗಳೇ. ಟ್ರಾಕ್ಟರ್, ಲಾರಿ, ಪಂಪುಗಳ ಬಿಡಿಭಾಗಗಳು ಇಲ್ಲಿ ಮರಳಿನ ಅಚ್ಚಿನಲ್ಲಿ ರೂಪ ತಾಳುತ್ತವೆ.

ಅಚ್ಚೆಂದರೆ ಒಂದರ ಮೇಲೊಂದು ಕೂತ ಎರಡು ಪೆಟ್ಟಿಗೆ: ಕೆಳಗಿನದು ಡ್ರಾಗ್, ಮೇಲಿನದು ಕೋಪ್. ಒಳಗೆ ಸಿಲಿಕಾ ಮರಳು, ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೂರಕ್ಕೆ ಮೂರ್ನಾಲ್ಕು ಪಾಲು ನೀರು. ಹದ ಬಂದ ಮರಳನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆ; ಮುರಿದರೂ ಅಂಚು ಉದುರುವುದಿಲ್ಲ.

ಹುಯ್ಯುವ ಮೊದಲು ಕೋಪ್ ಮೇಲೆ ಕಬ್ಬಿಣದ ತೂಕ ಹೇರುತ್ತಾರೆ, ಇಲ್ಲವೇ ಎರಡೂ ಪೆಟ್ಟಿಗೆಗಳನ್ನು ಕ್ಲಾಂಪಿನಿಂದ ಬಿಗಿಯುತ್ತಾರೆ. ಅಷ್ಟು ಭಾರದ ಮರಳಿಗೆ ಇನ್ನೂ ಭಾರವೇಕೆ?

ಏಕೆಂದರೆ ಕರಗಿದ ಕಬ್ಬಿಣದ ಮುಂದೆ ಮರಳು ಬರೀ ಬೆಂಡು. ಒಂದು ಲೀಟರ್ ದ್ರವ ಕಬ್ಬಿಣ ಸುಮಾರು 7 ಕಿಲೊ. ಬಡಿದು ತುಂಬಿದ ಮರಳು ಸುಮಾರು 1.6 ಕಿಲೊ. 50 ಸೆಂ.ಮೀ. ಉದ್ದ, 40 ಅಗಲ, 20 ಎತ್ತರದ ಕೋಪ್‌ನ ಮರಳು 64 ಕಿಲೊ ತೂಗುತ್ತದೆ ಎನ್ನಿ. ಅದರಡಿ, ಡ್ರಾಗ್‌ನಲ್ಲಿ, 40×30 ಸೆಂ.ಮೀ. ಚಪ್ಪಟೆ ಎರಕವಿದೆ. ಹುಯ್ಯುವ ಬಾಯಿಯವರೆಗೆ ಲೋಹ ತುಂಬಿದಾಗ ಮೇಲ್ಮುಖ ಒತ್ತಡ: 1200×20×7 ಗ್ರಾಂ, ಅಂದರೆ 168 ಕಿಲೊ ಭಾರಕ್ಕೆ ಸಮ!

ಲೋಹ ಇಳಿಯುವ ಕೊಳವೆ ಹೆಬ್ಬೆರಳಿನಷ್ಟೇ ದಪ್ಪವಿದ್ದರೂ ಈ ಲೆಕ್ಕ ಬದಲಾಗದು. ಪಾಸ್ಕಲ್ 17ನೇ ಶತಮಾನದಲ್ಲಿ ವಿವರಿಸಿದಂತೆ, ದ್ರವದ ಒತ್ತಡ ಅದರ ಎತ್ತರ ನೋಡುತ್ತದೆ, ಪ್ರಮಾಣವನ್ನಲ್ಲ. ಪೆಟ್ಟಿಗೆಯ ಸ್ವಂತ ತೂಕ ಕಳೆದರೂ ಉಳಿದ ಭಾರವನ್ನು ಹೊರಗಿನಿಂದಲೇ ಹೇರಬೇಕು. ಅಚ್ಚು ತುಂಬಿದ ಕ್ಷಣ ಹರಿವು ಗಕ್ಕನೆ ನಿಂತು ಗುದ್ದುವುದರಿಂದ ಲೆಕ್ಕಕ್ಕಿಂತ ಹೆಚ್ಚೇ ಹೇರುತ್ತಾರೆ. ಕಡಿಮೆಯಾದರೆ ಕೋಪ್ ಕೂದಲೆಳೆಯಷ್ಟು ಎದ್ದು, 1350 ಡಿಗ್ರಿ ಮೀರಿದ ಲೋಹ ಸಂದಿನಿಂದ ನುಗ್ಗಿ ಕಾಲ ಬಳಿಗೇ ಹರಿಯುತ್ತದೆ.

ಟೊಳ್ಳು ಭಾಗಕ್ಕಾಗಿ ಒಳಗಿಡುವ ಮರಳಿನ ಕೋರ್‌ಗೂ ಇದೇ ಪಾಡು. ಲೋಹದಲ್ಲಿ ಪೂರ್ತಿ ಮುಳುಗಿದ ಹತ್ತು ಲೀಟರಿನ ಕೋರ್ 50 ಕಿಲೊಗೂ ಮಿಕ್ಕಿ ಮೇಲಕ್ಕೆ ತಳ್ಳುತ್ತದೆ. ಅದು ಸರಿದರೆ ಎರಕದ ಒಂದು ಗೋಡೆ ದಪ್ಪ, ಇನ್ನೊಂದು ತೆಳು. ಅದಕ್ಕೇ ಕೋರ್‌ನ ತುದಿಗಳನ್ನು ಅಚ್ಚಿನ ಕುಳಿಗಳಲ್ಲಿ ಸಿಕ್ಕಿಸಿ, ಬೇಕಾದಲ್ಲಿ ಚಾಪ್ಲೆಟ್ ಎಂಬ ಪುಟ್ಟ ಲೋಹದ ಊರುಗೋಲು ಕೊಡುತ್ತಾರೆ.

ಹುಯ್ದ ಮೇಲೂ ತೂಕ ಇಳಿಸಲು ಅವಸರ ಸಲ್ಲದು. ಬೀಡುಕಬ್ಬಿಣ ಗಟ್ಟಿಯಾಗುವಾಗ ಅದರೊಳಗಿನ ಇಂಗಾಲ ಗ್ರಾಫೈಟ್ ಆಗಿ ಬೇರ್ಪಟ್ಟು ಹಿಗ್ಗುತ್ತದೆ. ಗೋಡೆಗಳು ಬಿಗಿಯಾಗಿದ್ದರೆ ಆ ಹಿಗ್ಗು ಒಳಗಿನ ಸಣ್ಣ ಪೊಳ್ಳುಗಳನ್ನೇ ತುಂಬುತ್ತದೆ. ಸಡಿಲವಾದರೆ ಅಚ್ಚು ಉಬ್ಬಿ, ಪೊಳ್ಳು ಹಾಗೇ ಉಳಿಯುತ್ತದೆ. ಆದ್ದರಿಂದ ಎರಕ ಗಟ್ಟಿಯಾದ ಮೇಲಷ್ಟೇ ತೂಕ ಎತ್ತಿ ಪಕ್ಕದ ಪೆಟ್ಟಿಗೆಯ ಮೇಲಿಡುತ್ತಾರೆ.