ಟೆಂಪುರಾ ಭೋಜನಾಲಯ

ಟೆಂಪುರಾ ಎಂಬ ಕರಿದ ಖಾದ್ಯವನ್ನು ಮುಖ್ಯ ಆಹಾರವಾಗಿ ಬಡಿಸುವ ಜಪಾನಿನ ಭೋಜನಾಲಯಗಳನ್ನು ಟೆಂಪುರಾ ಭೋಜನಾಲಯ ಎನ್ನಲಾಗುತ್ತದೆ. ಜಪಾನಿ ಭಾಷೆಯಲ್ಲಿ ಇದಕ್ಕೆ 'ಟೆಂಪುರಾ-ಯಾ' ಎಂಬ ಹೆಸರಿದೆ. ಸಿಗಡಿ, ಮೀನು ಮತ್ತು ತರಕಾರಿಗಳನ್ನು ಗೋಧಿ ಹಿಟ್ಟಿನ ತೆಳುವಾದ ಮಿಶ್ರಣದಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದು ಟೆಂಪುರಾವನ್ನು ತಯಾರಿಸುತ್ತಾರೆ. ಬಾಣಲೆಯಿಂದ ತೆಗೆದ ಕೆಲವೇ ನಿಮಿಷಗಳಲ್ಲಿ ಇದರ ಗರಿಗರಿತನ ಕುಂದತೊಡಗುತ್ತದೆ. ಆದ್ದರಿಂದ ಬಾಣಲೆಗೂ ತಿನ್ನುವವರಿಗೂ ನಡುವಿನ ಸಮಯವನ್ನು ಸಾಧ್ಯವಾದಷ್ಟು ಕಡಿಮೆ ಮಾಡುವುದು ಈ ಭೋಜನಾಲಯಗಳ ಮೂಲತತ್ತ್ವವಾಗಿದೆ. ಆಸನಗಳ ಜೋಡಣೆ, ಬಡಿಸುವ ಕ್ರಮ ಮತ್ತು ತಿನ್ನುವ ರೀತಿಗಳು ಈ ತತ್ತ್ವವನ್ನೇ ಅನುಸರಿಸುತ್ತವೆ.

## ಇತಿಹಾಸ

1543ರಲ್ಲಿ ಪೋರ್ಚುಗೀಸರು ಜಪಾನಿನ ತಾನೆಗಾಶಿಮಾ ದ್ವೀಪವನ್ನು ತಲುಪಿದರು. ಹಿಟ್ಟು ಸವರಿ ಎಣ್ಣೆಯಲ್ಲಿ ಕರಿಯುವ ಪದ್ಧತಿಯು ಇವರ ಸಂಪರ್ಕದಿಂದ, ನಾಗಸಾಕಿಯ ಮೂಲಕ ಜಪಾನಿನಲ್ಲಿ ಹರಡಿತೆಂದು ಸಾಮಾನ್ಯವಾಗಿ ನಂಬಲಾಗಿದೆ. 'ಟೆಂಪುರಾ' ಪದದ ಮೂಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕ್ಯಾಥೊಲಿಕರು ಮಾಂಸವನ್ನು ವರ್ಜಿಸುವ ಉಪವಾಸದ ದಿನಗಳನ್ನು ಸೂಚಿಸುವ 'ತೆಂಪೊರಾಸ್' ಎಂಬ ಪದದಿಂದ ಇದು ಬಂದಿತೆಂದು ಕೆಲವರು ಹೇಳಿದರೆ, ಮಸಾಲೆ ಅಥವಾ ಒಗ್ಗರಣೆ ಎಂಬ ಅರ್ಥದ 'ತೆಂಪೇರೊ' ಪದದಿಂದ ಬಂದಿತೆಂದು ಇತರರು ಹೇಳುತ್ತಾರೆ. 1639ರಲ್ಲಿ ಪೋರ್ಚುಗೀಸರ ಹಡಗುಗಳ ಆಗಮನವನ್ನು ಜಪಾನ್ ನಿಷೇಧಿಸಿತು. ಆದರೆ ಕರಿಯುವ ಪದ್ಧತಿ ಉಳಿದುಕೊಂಡಿತು.

ಎದೊ ಕಾಲದಲ್ಲಿ (1603–1868) ಟೆಂಪುರಾ ಬೀದಿಬದಿಯ ತಿಂಡಿಯಾಗಿ ಜನಪ್ರಿಯವಾಯಿತು. ಇಂದಿನ ಟೋಕಿಯೊ ಆಗಿರುವ ಎದೊ ನಗರದ ಕಟ್ಟಡಗಳು ಹೆಚ್ಚಾಗಿ ಮರದವಾಗಿದ್ದವು. 1657ರ ಮೆಯಿರೆಕಿ ಅಗ್ನಿದುರಂತದಲ್ಲಿ ನಗರದ ಬಹುಭಾಗ ಸುಟ್ಟುಹೋಗಿತ್ತು. ಮನೆಯೊಳಗೆ ಎಣ್ಣೆ ಕಾಯಿಸುವುದು ಅಪಾಯಕರವಾಗಿದ್ದುದರಿಂದ 'ಯತಾಯ್' ಎಂಬ ಬಯಲಿನ ತಳ್ಳು ಅಂಗಡಿಗಳಲ್ಲಿ ಟೆಂಪುರಾವನ್ನು ಮಾರಲಾಗುತ್ತಿತ್ತು. ಎದೊ ಕೊಲ್ಲಿಯಲ್ಲಿ ಹಿಡಿದ ಮೀನುಗಳನ್ನು ಕಡ್ಡಿಗೆ ಚುಚ್ಚಿ ಕರಿದು, ನಿಂತ ಗಿರಾಕಿಗಳಿಗೆ ಬಿಸಿಯಾಗಿಯೇ ಕೊಡುತ್ತಿದ್ದರು. ಸುಶಿ ಮತ್ತು ಸೋಬಾಗಳೊಡನೆ ಟೆಂಪುರಾವನ್ನು ಎದೊ ನಗರದ ಮೂರು ಪ್ರಮುಖ ರುಚಿಗಳೆಂದು ಪರಿಗಣಿಸಲಾಗುತ್ತದೆ.

ಎದೊ ಕಾಲದ ಕೊನೆಯ ಭಾಗದಿಂದ ಟೆಂಪುರಾ ಕ್ರಮೇಣ ಬೀದಿಯಿಂದ ಒಳಾಂಗಣಕ್ಕೆ ಪ್ರವೇಶಿಸಿತು. ಬಾಣಸಿಗರು ಅತಿಥಿಗಳ ಕೋಣೆಗೇ ಬಂದು ಅವರೆದುರು ಕರಿದು ಬಡಿಸುವ 'ಒಝಾಶಿಕಿ ಟೆಂಪುರಾ' ಎಂಬ ಪದ್ಧತಿ ಬೆಳೆಯಿತು. 1923ರ ಕಾಂಟೊ ಮಹಾಭೂಕಂಪದ ನಂತರ ಟೋಕಿಯೊದ ಅನೇಕ ಬಾಣಸಿಗರು ಬೇರೆ ಪ್ರದೇಶಗಳಿಗೆ ವಲಸೆ ಹೋದದ್ದು ಎದೊ ಶೈಲಿಯ ಟೆಂಪುರಾ ದೇಶದ ಇತರೆಡೆಗಳಿಗೆ ಹರಡಲು ಒಂದು ಕಾರಣವಾಯಿತು. ಟೋಕಿಯೊದ ಗಿಂಝಾ ಪ್ರದೇಶದಲ್ಲಿರುವ ಟೆನ್-ಇಚಿ ಭೋಜನಾಲಯವು 1930ರಲ್ಲಿ ಸ್ಥಾಪನೆಯಾಯಿತು. ಗಿಂಝಾದಲ್ಲಿಯೇ ಬಾಣಸಿಗ ಫುಮಿಯೊ ಕೊಂಡೊ ಅವರು 1991ರಲ್ಲಿ ತಮ್ಮ ಭೋಜನಾಲಯವನ್ನು ಆರಂಭಿಸಿದರು. ಅದುವರೆಗೆ ಸಿಗಡಿ ಮತ್ತು ಮೀನುಗಳ ಮುಂದೆ ಗೌಣವಾಗಿದ್ದ ತರಕಾರಿಗಳಿಗೆ ಅವರು ಸಮಾನ ಸ್ಥಾನ ನೀಡಿದರು. ದಪ್ಪನಾಗಿ ಕತ್ತರಿಸಿದ ಸಿಹಿ ಗೆಣಸನ್ನು ಸುಮಾರು ಅರ್ಧ ಗಂಟೆ ನಿಧಾನವಾಗಿ ಕರಿಯುವುದು ಅವರ ಪ್ರಸಿದ್ಧ ತಯಾರಿಕೆಗಳಲ್ಲಿ ಒಂದು.

## ಭೋಜನಾಲಯಗಳ ವಿಧಗಳು

* ಕೌಂಟರ್ ಭೋಜನಾಲಯ: ಇಲ್ಲಿ ಅತಿಥಿಗಳು ಮರದ ಉದ್ದನೆಯ ಹಲಗೆಯ ಮುಂದೆ ಸಾಲಾಗಿ ಕುಳಿತುಕೊಳ್ಳುತ್ತಾರೆ. ಬಾಣಸಿಗನು ಎದುರಿನಲ್ಲಿಯೇ ಕರಿದು ಒಂದೊಂದಾಗಿ ಬಡಿಸುತ್ತಾನೆ. ಆಸನಗಳು ಕಡಿಮೆ ಇರುವುದರಿಂದ ಮುಂಗಡ ಕಾಯ್ದಿರಿಸುವಿಕೆ ಸಾಮಾನ್ಯವಾಗಿ ಅಗತ್ಯ.
* ಸಾಮಾನ್ಯ ಭೋಜನಾಲಯ: ಅನ್ನ, ಮಿಸೊ ಸಾರು ಮತ್ತು ಉಪ್ಪಿನಕಾಯಿಗಳೊಡನೆ ಹಲವು ಬಗೆಯ ಟೆಂಪುರಾಗಳನ್ನು ಒಂದೇ ತಟ್ಟೆಯಲ್ಲಿ ಬಡಿಸಲಾಗುತ್ತದೆ. ಇಂತಹ ಊಟಕ್ಕೆ 'ತೆಯಿಶೊಕು' ಎನ್ನುತ್ತಾರೆ.
* ಟೆಂಡೊನ್ ಅಂಗಡಿ: ಬಟ್ಟಲಿನ ಅನ್ನದ ಮೇಲೆ ಟೆಂಪುರಾಗಳನ್ನಿಟ್ಟು ಸಿಹಿ ಮಿಶ್ರಿತ ಸೋಯಾ ಗೊಜ್ಜನ್ನು ಹಾಕಿ ಕೊಡಲಾಗುತ್ತದೆ. ಇದು ತ್ವರಿತವಾಗಿ ಸಿಗುವ, ಅಗ್ಗದ ಊಟವಾಗಿದೆ.

ಉತ್ತಮ ಕೌಂಟರ್ ಭೋಜನಾಲಯಗಳು ದುಬಾರಿಯಾಗಿದ್ದರೂ ಅವುಗಳಲ್ಲಿ ಅನೇಕವು ಮಧ್ಯಾಹ್ನದ ಊಟವನ್ನು ರಾತ್ರಿಗಿಂತ ಕಡಿಮೆ ಬೆಲೆಗೆ ನೀಡುತ್ತವೆ.

## ತಯಾರಿಕೆಯ ವಿಧಾನ

ಟೆಂಪುರಾದ ಹೊರಕವಚವನ್ನು 'ಕೊರೊಮೊ' ಎಂದು ಕರೆಯಲಾಗುತ್ತದೆ. ಈ ಪದಕ್ಕೆ ಉಡುಪು ಎಂಬ ಅರ್ಥವಿದೆ. ಪ್ರೋಟೀನ್ ಅಂಶ ಕಡಿಮೆಯಿರುವ ಗೋಧಿ ಹಿಟ್ಟು, ಮೊಟ್ಟೆ ಮತ್ತು ತಣ್ಣನೆಯ ನೀರನ್ನು ಬೆರೆಸಿ ಇದನ್ನು ಸಿದ್ಧಪಡಿಸುತ್ತಾರೆ. ಹೆಚ್ಚು ಕಲಸಿದರೆ ಹಿಟ್ಟಿನಲ್ಲಿ ಗ್ಲುಟೆನ್ ಬೆಳೆದು ಜಿಗುಟಾಗುತ್ತದೆ ಮತ್ತು ಕವಚ ಗಡುಸಾಗುತ್ತದೆ. ಆದ್ದರಿಂದ ಗಂಟುಗಳು ಉಳಿದರೂ ಚಿಂತೆಯಿಲ್ಲದಂತೆ ಲಘುವಾಗಿ ಮಾತ್ರ ಬೆರೆಸಿ ಕೂಡಲೇ ಬಳಸುತ್ತಾರೆ. ಕರ್ನಾಟಕದ ಬಜ್ಜಿಗೆ ಕಡಲೆ ಹಿಟ್ಟು, ಉಪ್ಪು, ಖಾರಗಳನ್ನು ಸೇರಿಸಿ ಗಟ್ಟಿಯಾಗಿ ಕಲಸಲಾಗುತ್ತದೆ. ಟೆಂಪುರಾದ ಮಿಶ್ರಣದಲ್ಲಿ ಸಾಮಾನ್ಯವಾಗಿ ಮಸಾಲೆಯಿರುವುದಿಲ್ಲ. ಒಳಗಿನ ಪದಾರ್ಥದ ರುಚಿಯೇ ಪ್ರಧಾನ.

ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಕವಚದಲ್ಲಿರುವ ನೀರು ಆವಿಯಾಗಿ ಹೊರಬಂದು, ಅದು ಗರಿಗರಿಯಾಗುತ್ತದೆ. ಒಳಗಿನ ಪದಾರ್ಥವು ತನ್ನದೇ ತೇವಾಂಶದ ಆವಿಯಲ್ಲಿ ಬೇಯುತ್ತದೆ. ತರಕಾರಿಗಳಿಗೆ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್, ಸಿಗಡಿ ಮತ್ತು ಮೀನುಗಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಉಷ್ಣತೆಯನ್ನು ಬಳಸುವುದು ವಾಡಿಕೆ. ನೀರಿನಂಶ ಕಡಿಮೆಯಾದಂತೆ ಗುಳ್ಳೆಗಳು ಚಿಕ್ಕದಾಗಿ ಎಣ್ಣೆಯ ಸದ್ದು ಬದಲಾಗುತ್ತದೆ. ಅನುಭವಿ ಬಾಣಸಿಗರು ಇದರಿಂದಲೇ ಹದವನ್ನು ಗುರುತಿಸುತ್ತಾರೆ. ಹೊರತೆಗೆದ ನಂತರ ಒಳಗಿನ ತೇವವು ಕವಚಕ್ಕೆ ಹರಡಿ ಅದನ್ನು ಮೆತ್ತಗಾಗಿಸುತ್ತದೆ. ಒಮ್ಮೆಗೇ ಎಲ್ಲವನ್ನೂ ತಟ್ಟೆಗೆ ಹಾಕದೆ ಒಂದೊಂದಾಗಿ ಬಡಿಸಲು ಇದೇ ಕಾರಣ.

ಟೋಕಿಯೊದಲ್ಲಿ ಎಳ್ಳೆಣ್ಣೆಯ ಬಳಕೆ ಹೆಚ್ಚಿರುವುದರಿಂದ ಅಲ್ಲಿನ ಟೆಂಪುರಾಕ್ಕೆ ಗಾಢ ಬಣ್ಣ ಮತ್ತು ಪರಿಮಳವಿರುತ್ತದೆ. ಓಸಾಕಾ ಮತ್ತು ಕ್ಯೋಟೊಗಳನ್ನೊಳಗೊಂಡ ಕನ್ಸಾಯ್ ಪ್ರದೇಶದಲ್ಲಿ ಪರಿಮಳ ಕಡಿಮೆಯಿರುವ ತಿಳಿ ಎಣ್ಣೆಗಳನ್ನು ಬಳಸಿ, ಉಪ್ಪಿನೊಡನೆ ಬಡಿಸುವ ಸಂಪ್ರದಾಯವಿದೆ.

## ಊಟದ ಕ್ರಮ

ಕೌಂಟರ್ ಭೋಜನಾಲಯಗಳಲ್ಲಿ ಆಯ್ಕೆಯನ್ನು ಬಾಣಸಿಗನಿಗೆ ಬಿಡುವ 'ಒಮಾಕಾಸೆ' ಪದ್ಧತಿ ಪ್ರಚಲಿತದಲ್ಲಿದೆ. ಕೈ ಒರೆಸಲು ಒದ್ದೆ ಬಟ್ಟೆ ಮತ್ತು ಕುಡಿಯಲು ಚಹಾ ಅಥವಾ ಇತರ ಪಾನೀಯ ನೀಡಿದ ನಂತರ ಊಟ ಆರಂಭವಾಗುತ್ತದೆ. ಅನೇಕ ಕಡೆ ಮೊದಲು ಬರುವುದು ಸಿಗಡಿ. ಅದರ ತಲೆಯನ್ನೂ ಪ್ರತ್ಯೇಕವಾಗಿ ಗರಿಗರಿಯಾಗಿ ಕರಿದು ಕೊಡುತ್ತಾರೆ. ಅನಂತರ ಕಿಸು ಮೀನು, ಕಣವೆ, ಅನಾಗೊ ಎಂಬ ಹಾವುಮೀನು ಮುಂತಾದವು ತರಕಾರಿಗಳ ನಡುನಡುವೆ ಬರುತ್ತವೆ. ಕಿಸು ಮೀನು ಕರ್ನಾಟಕದ ಕರಾವಳಿಯಲ್ಲಿ ದೊರೆಯುವ ಕಾಣೆ ಮೀನಿನ ಕುಲಕ್ಕೇ ಸೇರಿದೆ. ತರಕಾರಿಗಳಲ್ಲಿ ಕಮಲದ ದಂಟು, ಬದನೆ, ಕುಂಬಳ, ಗೆಣಸು, ಶಿಯಿಟಾಕೆ ಅಣಬೆ ಮತ್ತು ಶಿಸೊ ಎಲೆಗಳು ಸಾಮಾನ್ಯ. ವಸಂತದಲ್ಲಿ ಕಾಡುಚಿಗುರುಗಳೂ ಶರತ್ಕಾಲದಲ್ಲಿ ಮತ್ಸುಟಾಕೆ ಅಣಬೆಯೂ ಸೇರಿಕೊಳ್ಳುತ್ತವೆ.

ಸಿಗಡಿ ಅಥವಾ ಚಿಪ್ಪುಜೀವಿಗಳ ಸಣ್ಣ ಚೂರುಗಳನ್ನು ತರಕಾರಿಗಳೊಡನೆ ಸೇರಿಸಿ ಕರಿದ 'ಕಾಕಿಆಗೆ' ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಇದನ್ನು ಅನ್ನ ಮತ್ತು ಸಾರಿನೊಡನೆ, ಟೆಂಡೊನ್ ಆಗಿ ಅಥವಾ ಅನ್ನದ ಮೇಲಿಟ್ಟು ಬಿಸಿ ಚಹಾ ಇಲ್ಲವೇ ಸಾರನ್ನು ಸುರಿದು 'ತೆಂಚಾ' ಆಗಿ ತಿನ್ನಬಹುದು.

## ತಿನ್ನುವ ರೀತಿ

ಟೆಂಪುರಾದೊಡನೆ ಉಪ್ಪು, ನಿಂಬೆ ಮತ್ತು 'ತೆನ್‌ತ್ಸುಯು' ಎಂಬ ತಿಳಿಸಾರನ್ನು ಕೊಡಲಾಗುತ್ತದೆ. ತೆನ್‌ತ್ಸುಯುವಿಗೆ ತುರಿದ ಬಿಳಿ ಮೂಲಂಗಿಯನ್ನು ಬೆರೆಸಿಕೊಳ್ಳುತ್ತಾರೆ. ಇದು ಎಣ್ಣೆಯ ಜಿಡ್ಡನ್ನು ತಗ್ಗಿಸುತ್ತದೆ. ತುಂಡನ್ನು ಸಾರಿನಲ್ಲಿ ನೆನೆಸದೆ, ತುದಿಯನ್ನಷ್ಟೇ ಅದ್ದಿ ತಿನ್ನುವುದು ರೂಢಿ. ಬಡಿಸಿದ ತುಂಡನ್ನು ತಡಮಾಡದೆ ತಿನ್ನುವುದು ಬಾಣಸಿಗನಿಗೆ ತೋರುವ ಗೌರವವೂ ಹೌದು. ಹಲವು ಬಗೆಗಳು ಒಂದೇ ತಟ್ಟೆಯಲ್ಲಿ ಬಂದಾಗ ಮುಂಭಾಗದಲ್ಲಿರುವ ಸೌಮ್ಯ ರುಚಿಯ ತುಂಡುಗಳಿಂದ ಆರಂಭಿಸಿ ಹಿಂದಕ್ಕೆ ಸಾಗಬೇಕೆಂಬ ನಿಯಮವಿದೆ.

ಎದುರಿನಲ್ಲಿಯೇ ಕರಿಯುವಾಗ ಎಣ್ಣೆ ಮತ್ತು ಪದಾರ್ಥಗಳ ಪರಿಮಳವೂ ಊಟದ ಭಾಗವಾಗಿರುವುದರಿಂದ ತೀಕ್ಷ್ಣ ಸುಗಂಧದ್ರವ್ಯಗಳನ್ನು ಬಳಸದಿರುವುದು ಒಳ್ಳೆಯದು. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಊಟದ ಮೊದಲು 'ಇತಾದಾಕಿಮಾಸು' ಎಂದೂ ಮುಗಿದ ಮೇಲೆ 'ಗೊಚಿಸೊಸಾಮಾ' ಎಂದೂ ಹೇಳುವುದು ಸಂಪ್ರದಾಯ.

## ಸಸ್ಯಾಹಾರ ಮತ್ತು ಅಲರ್ಜಿ

ತರಕಾರಿ ಟೆಂಪುರಾ ಮೇಲ್ನೋಟಕ್ಕೆ ಸಸ್ಯಾಹಾರವೆಂದು ತೋರಿದರೂ ಹೆಚ್ಚಿನ ಭೋಜನಾಲಯಗಳಲ್ಲಿ ಅದು ಪೂರ್ಣ ಸಸ್ಯಾಹಾರವಾಗಿರುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಕವಚದ ಮಿಶ್ರಣದಲ್ಲಿ ಮೊಟ್ಟೆಯಿರುತ್ತದೆ. ಎರಡನೆಯದಾಗಿ, ತೆನ್‌ತ್ಸುಯುವಿಗೆ ಆಧಾರವಾದ 'ದಾಶಿ' ಸಾರನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಗಳಿಂದ ತಯಾರಿಸುತ್ತಾರೆ. ಮಿಸೊ ಸಾರಿಗೂ ಇದು ಅನ್ವಯಿಸುತ್ತದೆ. ಮೂರನೆಯದಾಗಿ, ಮೀನು ಮತ್ತು ತರಕಾರಿಗಳನ್ನು ಅನೇಕ ಕಡೆ ಒಂದೇ ಎಣ್ಣೆಯಲ್ಲಿ ಕರಿಯಲಾಗುತ್ತದೆ. ತೆನ್‌ತ್ಸುಯುವಿನ ಬದಲು ಉಪ್ಪನ್ನು ಆರಿಸಿಕೊಂಡರೆ ಎರಡನೆಯ ತೊಡಕು ಮಾತ್ರ ನಿವಾರಣೆಯಾಗುತ್ತದೆ. ಉಳಿದ ಎರಡನ್ನು ಕಾಯ್ದಿರಿಸುವಾಗಲೇ ವಿಚಾರಿಸಬೇಕಾಗುತ್ತದೆ, ಏಕೆಂದರೆ ಕೌಂಟರ್ ಭೋಜನಾಲಯದಲ್ಲಿ ಊಟ ಆರಂಭವಾದ ಮೇಲೆ ಮಿಶ್ರಣವನ್ನಾಗಲಿ ಎಣ್ಣೆಯನ್ನಾಗಲಿ ಬದಲಾಯಿಸುವುದು ಕಷ್ಟ.

ಬೌದ್ಧ ದೇವಾಲಯಗಳ 'ಶೋಜಿನ್' ಅಡುಗೆಯಲ್ಲಿ ಮಾಂಸ ಮತ್ತು ಮೀನುಗಳನ್ನು ವರ್ಜಿಸಲಾಗುತ್ತದೆ. ಈ ಸಂಪ್ರದಾಯದಿಂದ ಬಂದ ತರಕಾರಿಗಳ ಕರಿದ ಖಾದ್ಯಕ್ಕೆ 'ಶೋಜಿನ್-ಆಗೆ' ಎಂಬ ಹೆಸರಿದೆ. ಈ ಅಡುಗೆಯ ದಾಶಿಯನ್ನು ಕೊಂಬು ಎಂಬ ಸಮುದ್ರಪಾಚಿ ಮತ್ತು ಒಣ ಅಣಬೆಗಳಿಂದ ಮಾಡುತ್ತಾರೆ. ಆದರೆ ಸಾಮಾನ್ಯ ಅಂಗಡಿಗಳಲ್ಲಿ ಶೋಜಿನ್-ಆಗೆ ಎಂಬ ಹೆಸರನ್ನು ತರಕಾರಿ ಟೆಂಪುರಾಕ್ಕೂ ಬಳಸುವುದುಂಟು. ಆದ್ದರಿಂದ ಹೆಸರನ್ನಷ್ಟೇ ನಂಬುವಂತಿಲ್ಲ.

ಗೋಧಿ, ಮೊಟ್ಟೆ ಮತ್ತು ಸಿಗಡಿಗಳು ಅಲರ್ಜಿಗೆ ಕಾರಣವಾಗುವ ಪ್ರಮುಖ ಆಹಾರಗಳಾಗಿದ್ದು, ಮೂರೂ ಟೆಂಪುರಾ ಅಡುಗೆಯಲ್ಲಿ ಸೇರಿವೆ. ಸೋಯಾ ಸಾಸ್‌ನಲ್ಲಿಯೂ ಸಾಮಾನ್ಯವಾಗಿ ಗೋಧಿಯಿರುತ್ತದೆ. ಎಣ್ಣೆ ಒಂದೇ ಆಗಿರುವಾಗ ಸಿಗಡಿಯನ್ನು ಆರಿಸದೆ ಇದ್ದರೂ ಅದರ ಅಂಶ ತಗಲುವ ಸಾಧ್ಯತೆಯಿರುತ್ತದೆ. ಎಳ್ಳಿನ ಅಲರ್ಜಿ ಇರುವವರು ಎಣ್ಣೆಯ ಬಗ್ಗೆಯೂ ವಿಚಾರಿಸಬೇಕು.

## ಇವನ್ನೂ ನೋಡಿ

* ಜಪಾನಿನ ಪಾಕಪದ್ಧತಿ
* ಸುಶಿ
* ಸೋಬಾ
* ಬಜ್ಜಿ