ಜನರೇಟರ್ ಎಣ್ಣೆಗೂ ಒಂದು ಲೆಕ್ಕ ಇರಲಿ



ವಡೆ ಕರಿಯುವ ಎಣ್ಣೆ ಯಾವಾಗ ಬದಲಿಸಬೇಕೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಣ್ಣ, ವಾಸನೆ, ನೊರೆ ನೋಡಿದರೆ ಸಾಕು. 2018ರ ಜುಲೈಯಿಂದ ಸರಕಾರದ ನಿಯಮವೂ ಬಂದಿದೆ: ಎಣ್ಣೆಯಲ್ಲಿ ಪೋಲಾರ್ ಅಂಶ ಶೇ. 25 ದಾಟಿದರೆ ಅದರಲ್ಲಿ ಕರಿಯುವಂತಿಲ್ಲ. ಆದರೆ ಹಿತ್ತಲಿನಲ್ಲಿ ನಿಂತಿರುವ ಜನರೇಟರಿನ ಎಣ್ಣೆ ಕೊನೆಯ ಸಲ ಯಾವಾಗ ಬದಲಾಯಿತು ಎಂದು ಕೇಳಿದರೆ ಎಷ್ಟು ಮಂದಿ ತಾರೀಖು ಹೇಳಿಯಾರು? ನಮಗೂ ಗೊತ್ತಿರಲಿಲ್ಲ. ಅದರ ದಂಡ ಕಟ್ಟಿದ ಮೇಲೆ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ಯೇವಲಾ ರಸ್ತೆಯ ಒಂದು ಲಾನ್ಸ್‌ನಲ್ಲಿ ಆರುನೂರು ಎಲೆಯ ಮದುವೆ ಊಟ ನಮ್ಮದು. ಸಂಜೆ ಕರೆಂಟ್ ಹೋಯಿತು. ನಮ್ಮ ಡೀಸೆಲ್ ಜನರೇಟರ್ ಮುಕ್ಕಾಲು ಗಂಟೆ ಓಡಿ, ಕರಕರ ಸದ್ದು ಮಾಡಿ ನಿಂತುಬಿಟ್ಟಿತು. ಗ್ರೈಂಡರಿನಲ್ಲಿ ಚಟ್ನಿ ಅರ್ಧ, ಫ್ರಿಜ್‌ನಲ್ಲಿ ಶ್ರೀಖಂಡ, ಪಂಪ್ ನಿಂತು ಕೈತೊಳೆಯಲೂ ನೀರಿಲ್ಲ. ಕೊನೆಯ ಎರಡು ಪಂಕ್ತಿಯವರು ಮೊಬೈಲ್ ಬೆಳಕಿನಲ್ಲಿ ಉಂಡರು. ಹುಡುಗಿಯ ತಂದೆ ಒಂದು ಮಾತೂ ಬೈಯಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು. ಬಿಲ್ಲಿನಲ್ಲಿ ನಾವಾಗಿಯೇ ಕಡಿಮೆ ಮಾಡಿದೆವು.

ಮರುದಿನ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಬೇರಿಂಗ್ ಹಿಡಿದುಹೋಗಿತ್ತು. ಒಳಗಿನ ಎಣ್ಣೆ ಕಾಡಿಗೆಯಂತಿತ್ತು. ಬದಲಿಸಿದ್ದು ಯಾವಾಗ ಎಂದು ಕೇಳಿದರೆ ನಮ್ಮ ಹುಡುಗ "ದೀಪಾವಳಿಗೆ ಇರಬೇಕು" ಎಂದ. ಯಾವ ದೀಪಾವಳಿ ಎಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತಪ್ಪು ಹುಡುಗನದಲ್ಲ, ನಮ್ಮದು.

ನಮ್ಮೂರ ಹತ್ತಿರ ಪಾನೇವಾಡಿಯಲ್ಲಿ ತೈಲ ಕಂಪೆನಿಗಳ ಡಿಪೋಗಳಿವೆ. ಅಲ್ಲಿನ ಟ್ಯಾಂಕರ್ ಚಾಲಕರು ನಮ್ಮ ಗಿರಾಕಿಗಳು. ಅವರಲ್ಲೊಬ್ಬರು ಈ ಕತೆ ಕೇಳಿ, "ಅಣ್ಣಾ, ನಿನ್ನೆಯ ಸಾಂಬಾರ್ ಹಳಸಿದರೆ ಚೆಲ್ಲುತ್ತೀರಿ. ಎಂಜಿನ್‌ಗೆ ಮಾತ್ರ ಹಳಸಿದ್ದೇ ಬಡಿಸುತ್ತೀರಾ?" ಎಂದರು. ಅವರಿಂದ, ಮೆಕ್ಯಾನಿಕ್‌ನಿಂದ, ಎಂಜಿನ್ನಿನ ಪುಸ್ತಕದಿಂದ ಕಲಿತದ್ದು ಇಷ್ಟು.

ಯಾವ ಎಣ್ಣೆ?

ಸಕ್ಕರೆ ಪಾಕ ಬಿಸಿಯಿದ್ದಾಗ ನೀರು, ಆರಿದಾಗ ಗಟ್ಟಿ. ಎಂಜಿನ್ ಎಣ್ಣೆಯೂ ಹಾಗೆಯೇ. ಡಬ್ಬದ ಮೇಲೆ 15ಡಬ್ಲ್ಯು-40 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಡಬ್ಲ್ಯು ಎಂದರೆ ವಿಂಟರ್. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. 15ಡಬ್ಲ್ಯು-40, 20ಡಬ್ಲ್ಯು-40 ಎರಡೂ ಬಿಸಿಯಲ್ಲಿ ಒಂದೇ ದರ್ಜೆ; ಚಳಿಯಲ್ಲಿ ಮಾತ್ರ 15 ಬೇಗ ಹರಿಯುತ್ತದೆ.

"ದಪ್ಪ ಇದ್ದಷ್ಟೂ ಒಳ್ಳೆಯದು" ಎಂದು ಅಂಗಡಿಯವರು ಹೇಳುವುದುಂಟು. ನಂಬಬೇಡಿ. ಬೇಕಾದ್ದಕ್ಕಿಂತ ದಪ್ಪವಾದರೆ ಚಾಲೂ ಮಾಡಿದೊಡನೆ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಡೀಸೆಲ್ಲೂ ಹೆಚ್ಚು ತಿನ್ನುತ್ತದೆ. ತೆಳುವಾದರೆ ಬೇಸಿಗೆಯ ಬಿಸಿಯಲ್ಲಿ ಒತ್ತಡ ಇಳಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಎಂಜಿನ್ನಿನ ಪುಸ್ತಕ ಹೇಳಿದ್ದೇ ಸರಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ವ್ಯಾನ್ ಇರುವವರು ಇನ್ನೊಂದು ಗಮನಿಸಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಗೆ ಬೂದಿ ಕಡಿಮೆ ಇರುವ ಎಣ್ಣೆಯೇ ಬೇಕು. ದಪ್ಪ ಒಂದೇ ಇದ್ದರೂ ಹಳೆ ದರ್ಜೆಯ ಎಣ್ಣೆ ಹಾಕಿದರೆ ಆ ಫಿಲ್ಟರ್ ಬೇಗ ಕಟ್ಟುತ್ತದೆ. ಜನರೇಟರಿನ ಉಳಿದ ಎಣ್ಣೆಯನ್ನು ವ್ಯಾನಿಗೆ ಸುರಿಯಬೇಡಿ.

ಯಾವಾಗ ಬದಲಿಸಬೇಕು?

ವ್ಯಾನಿಗೆ ಕಿಲೋಮೀಟರ್ ಇದೆ. ಜನರೇಟರ್ ನಿಂತಲ್ಲೇ ಓಡುತ್ತದೆ, ಅದಕ್ಕೆ ಗಂಟೆಯೇ ಲೆಕ್ಕ. ಅನೇಕ ಡೀಸೆಲ್ ಜನರೇಟರುಗಳಿಗೆ 250 ಗಂಟೆ ಎಂದಿರುತ್ತದೆ. ಹೊಸದಕ್ಕೆ ಮೊದಲ ಸಲ ಬಹಳ ಬೇಗ. ಸಣ್ಣ ಪೆಟ್ರೋಲ್ ಜನರೇಟರುಗಳಿಗೆ ಸಾಮಾನ್ಯವಾಗಿ 100 ಗಂಟೆ. ದಿನಕ್ಕೆ 4 ಗಂಟೆ ಓಡಿದರೆ 250 ಗಂಟೆ ಎರಡೇ ತಿಂಗಳು. ಮದುವೆ ಸೀಸನ್ನಿನಲ್ಲಿ 8 ಗಂಟೆ ಓಡಿದರೆ ಒಂದೇ ತಿಂಗಳು. ಧೂಳು, ಬಿಸಿಲು ಹೆಚ್ಚಿರುವ ನಮ್ಮ ಕಡೆ ಇನ್ನೂ ಬೇಗ ಬದಲಿಸುವುದು ಕ್ಷೇಮ. ಓಡದೆ ನಿಂತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಜತೆಗೆ ಎಣ್ಣೆ ಫಿಲ್ಟರನ್ನೂ ಬದಲಿಸಿ. ಹಳೆ ಫಿಲ್ಟರ್ ಉಳಿಸಿದರೆ ತೊಳೆಯದ ಪಾತ್ರೆಗೆ ಹೊಸ ಹಾಲು ಹೊಯ್ದಂತೆ.

ಕಪ್ಪಾಯಿತೆಂದು ಹೆದರುವುದೂ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಇಲ್ಲಿ ಬಣ್ಣ ನಂಬುವಂತಿಲ್ಲ, ಗಂಟೆಯನ್ನೇ ನಂಬಬೇಕು.

ಈಗ ನಮ್ಮ ಜನರೇಟರಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ ತೂಗುತ್ತಿದೆ. ಚಾಲೂ ಮಾಡಿದವರು ಸಮಯ ಬರೆಯಬೇಕು, ನಿಲ್ಲಿಸಿದವರೂ ಬರೆಯಬೇಕು. ಆರ್ಡರಿಗೆ ಹೊರಡುವ ಮುಂಚೆ ಎಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ ಕಡ್ಡಿ ಎತ್ತಿ ನೋಡುತ್ತೇವೆ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಮೇಲೆ ಹೋದರೂ ತೊಂದರೆಯೇ.

ಕೊನೆಗೊಂದು ಮಾತು. ತೆಗೆದ ಹಳೆ ಎಣ್ಣೆಯನ್ನು ಗಟಾರಕ್ಕೆ ಸುರಿಯಬೇಡಿ, ಒಲೆಗೂ ಹಾಕಬೇಡಿ. ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವವರಿಗೇ ಕೊಡಿ. ಖಾಲಿ ಡಬ್ಬ ಎಷ್ಟೇ ಚೆಂದವಿರಲಿ, ಅಡುಗೆಮನೆಯ ಹೊಸ್ತಿಲು ದಾಟಬಾರದು.

ಮುಂದಿನ ಆರ್ಡರಿಗೆ ಮುಂಚೆ ಒಮ್ಮೆ ಹಿತ್ತಲಿಗೆ ಹೋಗಿ ಕಡ್ಡಿ ಎತ್ತಿ ನೋಡಿ. ಎರಡು ನಿಮಿಷದ ಕೆಲಸ.